ಹುಳ ಏಳದ ಬೇಸಿಗೆ

ಪ್ಲಾನಿನಾ, ಜೂನ್ 24

ಮುದ್ದಿನ ಯೆರಿಟ್ಸಾ,

ನೀನೂ ಮಾರ್ಕೊನೂ ಚೆನ್ನಾಗಿದ್ದೀರಿ ತಾನೆ? ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ, ಮನ್ನಿಸು. ಈ ಬೇಸಿಗೆಯಲ್ಲಿ ನನಗೆ ಯಾವುದೂ ತಲೆಗೆ ಹತ್ತಲಿಲ್ಲ.

ಉನಿಟ್ಸಾ ನದಿ ಮೊಣಕಾಲಿಗೆ ಇಳಿದಿದೆ, ಆದರೂ ನೀರು ತಣ್ಣಗಿದೆ. ಮೇ ಕೊನೆಗೆ ನೀರಿನಿಂದ ಏಳಬೇಕಾದ ರೆಕ್ಕೆಹುಳಗಳು ಏಳಲೇ ಇಲ್ಲ. ಸಂಜೆ ಟ್ರೌಟ್ ಮೀನುಗಳು ಮೇಲೆ ಬಂದು ಬಾಯಿ ಹಾಕುತ್ತಿದ್ದವು, ನೀರಿನ ಮೇಲೆ ಉಂಗುರ ಬಿಚ್ಚುತ್ತಿತ್ತು. ತಿನ್ನುವುದಕ್ಕೆ ಮಾತ್ರ ಏನೂ ಇಲ್ಲ. ನಲವತ್ತು ವರ್ಷ ಈ ನದಿಯ ಕಾವಲು ಕಾದವನಿಗೂ ಇದರ ಬುಡ ತಿಳಿಯಲಿಲ್ಲ. ಮೇಲ್ದಂಡೆಯ ಮರದ ಮಿಲ್ಲು ವಿಷ ಬಿಡುತ್ತಿದೆ ಎಂದು ಮೀನುಗಾರರ ಸಂಘಕ್ಕೆ ದೂರು ಕೊಟ್ಟೆ.

ಮಿಲ್ಲಿನ ಯಜಮಾನ ಮತೆವ್ಜ್, ನನ್ನ ಹಳೇ ಸ್ನೇಹಿತ, ಬಾಗಿಲಿಗೆ ಬಂದ. "ಮೂವತ್ತು ವರ್ಷ ಒಟ್ಟಿಗೆ ಕುಡಿದಿದ್ದೀವಿ. ಒಂದು ಮಾತು ಕೇಳಬಾರದಿತ್ತೇನೋ?" ಎಂದ. ಒಳಕ್ಕೆ ಕರೆಯಲಿಲ್ಲ ನಾನು.

ಸಂಘದವರು ಹುಳಗಳ ಬಗ್ಗೆ ಓದಿಕೊಂಡ ಬ್ರೆದಾ ಎಂಬಾಕೆಯನ್ನು ಕಳಿಸಿದರು. ಹೋದ ವಾರ ಸಂಜೆ ಆಕೆ ಹುಳ ಬಂದು ಕೂರಲೆಂದು ದಡದಲ್ಲಿ ಬಿಳಿ ಬಟ್ಟೆ ಹಾಸಿದಳು. ಮತೆವ್ಜನೂ ಬಂದು ನಿಂತಿದ್ದ.

"ಎಣಿಸಿ ಸಿರಿಲ್ ಅವರೇ," ಎಂದಳು.

"ಏನನ್ನಮ್ಮ?"

ಮತೆವ್ಜ್ ನನ್ನ ಕೈ ಹಿಡಿದು ಬಟ್ಟೆಯ ಮೇಲಿಟ್ಟ. ಬೆರಳ ಕೆಳಗೆ ರೆಕ್ಕೆಗಳು ಪಟಪಟ ಎಂದವು, ಅಂಗೈ ತುಂಬ. ನೋಡಿದರೆ ಬರೀ ಬೂದಿಬಣ್ಣ.

"ಯಾವಾಗಿಂದ್ಲೋ ಹೀಗೆ?" ಎಂದ ಮತೆವ್ಜ್.

"ಗೊತ್ತಿಲ್ಲ ಕಣೋ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮಾರನೆಯ ದಿನ ಅವನೇ ತನ್ನ ಲಾರಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನೋಟದ ನಡುಭಾಗ ಹೋಗಿದೆಯಂತೆ, ಅಂಚು ಉಳಿದಿದೆಯಂತೆ. ದೂರು ವಾಪಸು ತೆಗೆದುಕೊಂಡೆ, ನದಿ ಕಾಯುವ ಕೆಲಸವನ್ನೂ ಬಿಟ್ಟೆ. ಈ ಕಾಗದವನ್ನೂ ನಾನು ಹೇಳಿದಂತೆ ಮತೆವ್ಜನೇ ಬರೆಯುತ್ತಿದ್ದಾನೆ.

ನಿಮ್ಮಿಬ್ಬರ ಬಾಳು ತಂಪಾಗಿರಲಿ.

ನಿನ್ನ ಅಪ್ಪ,
ಸಿರಿಲ್

ಮತ್ತೊಂದು ಮಾತು: ಈಸ್ಟರ್ ಹಬ್ಬದ ದಿನ ಸೇತುವೆಯ ಮೇಲೆ ನಿನ್ನನ್ನು ಮಾತಾಡಿಸದೆ ದಾಟಿಹೋದೆನೆಂದು, ಮಾರ್ಕೊನನ್ನು ಮದುವೆಯಾದ ಸಿಟ್ಟು ನನಗೆ ಇನ್ನೂ ಇಳಿದಿಲ್ಲವೆಂದು ನೀನು ಬರೆದಿದ್ದೆ. ಅವತ್ತು ಯಾರೋ ಹೆಂಗಸು ದಾರಿ ಬಿಟ್ಟಳು ಎಂದಷ್ಟೇ ನನಗೆ ನೆನಪು. ಹೆತ್ತ ಮಗಳ ಮುಖ ಗುರುತು ಸಿಗಲಿಲ್ಲ ಎಂದು ನಂಬಲು ಆಗಲಿಲ್ಲ. ಹಾಗಾದರೆ ಸಿಟ್ಟೇ ಇರಬೇಕು ಎಂದು ನಾನೂ ನಂಬಿಬಿಟ್ಟೆ, ಮಗಳೇ.