ದರ್ಜಿ ಅಜ್ಜ ಕೇಳಿದ ಮಾತು

ಭಾನುವಾರ, ಬೆಳಿಗ್ಗೆ

ನನ್ನ ಮುದ್ದು ಕೋಪಿಷ್ಠೆಗೆ,

ಫೋನ್ ಎತ್ತುತ್ತಿಲ್ಲ. ಎತ್ತಬೇಡ ಬಿಡು, ಇದನ್ನಾದರೂ ಓದು. ಕಾಲೇಜಿನಿಂದ ಕಾಗದ ಬರಲೇ ಇಲ್ಲ ಎಂದು ಅತ್ತು ಚಿಕ್ಕಮ್ಮನ ಮನೆಗೆ ಹೋದೆಯಲ್ಲ, ಬಂದಿತ್ತು ಕಣೇ. ಸೀಟು ಸಿಕ್ಕಿದೆ. ಅದನ್ನು ಬೀರುವಿನಲ್ಲಿ ನನ್ನ ಯೂನಿಫಾರಂ ಕೆಳಗೆ ಬಚ್ಚಿಟ್ಟವಳು ನಾನೇ. ಸೇರಲು ಕೊನೆಯ ದಿನ ಬರುವ ಶುಕ್ರವಾರ.

ಯಾಕೆ ಅಂದರೆ, ಹೆದರಿಕೆ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಅಂತ ಓದಿ ನಾಳೆ ಯಾರ ಬಾಗಿಲಲ್ಲಿ ನಿಲ್ಲುತ್ತೀಯೋ ಎಂಬ ಹೆದರಿಕೆ. ಈ ಮಾನವಿಕ ವಿಷಯ ಅಂದರೆ ಏನೇ, ಹೊಟ್ಟೆ ತುಂಬಿಸುತ್ತಾ ಎಂದು ನಾನು ರೇಗಿದ್ದೆ. ಮನುಷ್ಯರು ಏನನ್ನು ನಂಬಿದರು, ಯಾತಕ್ಕೆ ಹೆದರಿದರು, ಯಾರ ಮಾತನ್ನು ಯಾರೂ ಕೇಳಲಿಲ್ಲ, ಅದನ್ನೆಲ್ಲ ಓದೋದು ಅಮ್ಮ ಅಂದೆ ನೀನು. ನಾನು ಪಾತ್ರೆ ಕುಕ್ಕಿ ಎದ್ದುಹೋದೆ.

ಹತ್ತು ದಿನದ ಹಿಂದೆ ನಮ್ಮ ವಾರ್ಡಿಗೆ ಒಬ್ಬ ದರ್ಜಿ ಅಜ್ಜ ಬಂದರು. ಸಕ್ಕರೆ ಕಾಯಿಲೆ, ಬಲಗಾಲು ತೆಗೆಯಲೇಬೇಕಿತ್ತು. ಡಾಕ್ಟರ್ ಚಿತ್ರ ಬರೆದು ವಿವರಿಸಿದರು, ನಾನು ಒಪ್ಪಿಗೆ ಪತ್ರ ಹಿಡಿದೆ, ಅಜ್ಜ ತುಟಿಪಿಟಕ್ಕೆನ್ನದೆ ಸಹಿ ಹಾಕಿದರು. ಮರುದಿನ ಕರೆದೊಯ್ಯಲು ಹೋದರೆ ಮಂಚದ ಕಂಬಿ ಬಿಡುತ್ತಿಲ್ಲ, ಒಂದೇ ಅಳು. ಇಪ್ಪತ್ತಾರು ವರ್ಷ ಸರ್ವೀಸಾದ ಹೆಡ್ ನರ್ಸ್ ನಾನು, ಅವರ ರಕ್ತದೊತ್ತಡ, ಸಕ್ಕರೆ ಎಲ್ಲ ಬಾಯಿಪಾಠ. ಆದರೂ ಏನು ಮಾಡಬೇಕೆಂದು ತೋಚಲಿಲ್ಲ. ನಿನ್ನ ಆ ಮಾತು ನೆನಪಾಯಿತು. ಸ್ಟೂಲ್ ಎಳೆದುಕೊಂಡು ಕೂತು, ನಿಮ್ಮ ಕಥೆ ಹೇಳಿ ಅಜ್ಜ ಅಂದೆ. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲಂತೆ ಅದು. ಓದಿದವರು ಬೆರಳು ತೋರಿಸಿದ ಕಡೆ ಸಹಿ ಹಾಕಿಯೇ ಅವರಿಗೆ ಅಭ್ಯಾಸ. ಬೇಡ ಅನ್ನೋಕೆ ನನಗೂ ಅವಕಾಶ ಇತ್ತಾ ಸಿಸ್ಟರ್ ಎಂದು ಕೇಳಿಬಿಟ್ಟರು. ಎದ್ದು ಸೀದಾ ಡಾಕ್ಟರ್ ಹತ್ತಿರ ಹೋದೆ.

ಆಪರೇಷನ್ ಮೂರು ದಿನ ಮುಂದೆ ಹೋಯಿತು. ಡಾಕ್ಟರ್ ಮತ್ತೆ ಪಕ್ಕದಲ್ಲಿ ಕೂತರು, ಅಜ್ಜ ಹತ್ತಾರು ಪ್ರಶ್ನೆ ಕೇಳಿ, ಯೋಚಿಸಿ, ತಾವೇ ಹೂಂ ಅಂದರು. ಈಗ ಚೇತರಿಸಿಕೊಳ್ಳುತ್ತಿದ್ದಾರೆ. ನನ್ನ ಯೂನಿಫಾರಂ ಹೊಲಿದವನಿಗೆ ಕೆಲಸ ಬರಲ್ಲ ಎಂದು ದಿನವೂ ಬೈಯುತ್ತಾರೆ.

ಅವರನ್ನು ಕೇಳದ ಹಾಗೇ ನಿನ್ನನ್ನೂ ಕೇಳಲಿಲ್ಲ ನಾನು. ಹೆದರಿಕೆ ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ನೀನು ಓದಬೇಕು. ಇವತ್ತೇ ಹೊರಟು ಬಾ.

ಇಂತಿ,
ನಿನ್ನ ತಪ್ಪಿತಸ್ಥ ಅಮ್ಮ

ಇನ್ನೊಂದು ಮಾತು: ಬರುವ ಶುಕ್ರವಾರ ಅಂದದ್ದು ಸುಳ್ಳು. ಕೊನೆಯ ದಿನ ಮೊನ್ನೆ ಶುಕ್ರವಾರವೇ ಮುಗಿಯಿತು. ಅಜ್ಜನ ಮಾತು ಕೇಳಿದ ಮೇಲೂ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ, ದಿನ ತಾನಾಗಿಯೇ ಕಳೆದುಹೋಗಲಿ ಅಂತ. ಕಳೆದ ಮೇಲೆ ತಡೆಯಲಾಗಲಿಲ್ಲ, ನಿನ್ನೆ ಕಾಲೇಜಿಗೆ ಓಡಿದೆ. ತಪ್ಪು ಮಗಳದ್ದಲ್ಲ, ನನ್ನದು ಎಂದು ಬರೆದುಕೊಟ್ಟಿದ್ದೇನೆ. ನಾಳೆ ಹನ್ನೊಂದರೊಳಗೆ ನೀನೇ ಬಂದರೆ ನೋಡೋಣ ಅಂದಿದ್ದಾರೆ, ಖಾತ್ರಿ ಇಲ್ಲ. ಇವತ್ತು ಅಲ್ಲಿಗೆ ಮರಳುತ್ತಿರುವ ಚಿಕ್ಕಪ್ಪನ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ, ಅವರು ಕೊಟ್ಟ ಕೂಡಲೇ ಹೊರಡು. ಕಾಲೇಜಿನ ಗೇಟಿನಲ್ಲಿ ನಿಂತಿರುತ್ತೇನೆ. ನನ್ನ ಜೊತೆ ಮಾತಾಡಲೇಬೇಕೆಂದೇನಿಲ್ಲ.