ದೇಶಕ್ಕೆ ಮಾರ್ಕ್ಸು ಹಾಕಿದ ತಿಂಗಳು

ಜುಲೈ 3, ಸೋಮವಾರ, ಬೆಳಿಗ್ಗೆ 10

ಸ್ಕೂಲಿನ ಇಪ್ಪತ್ತೆರಡು ಮೆಟ್ಟಿಲು. ಇವತ್ತು ಹದಿನಾಲ್ಕನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡೆ. ಹೋದ ವರ್ಷ ನಿಲ್ಲುತ್ತಿರಲಿಲ್ಲ. ಬೆನ್ನ ಮೇಲೆ ಮೇಡಂ — ನನ್ನ ಮಗಳು, ಎಂಟನೇ ಕ್ಲಾಸು. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಅದೆಲ್ಲ ನಾಲಿಗೆಗೆ ಬಂದಿದೆ. ಕಿವಿಯ ಹತ್ತಿರ ಬಗ್ಗಿ ಕೇಳಿದಳು, "ಗಾಡಿ ಆಫ್ ಆಯ್ತಾ ಅಪ್ಪ?"

"ಹತ್ತಿದೆವು ಹತ್ತು, ಬೆನ್ನಿಗೆ ಕುತ್ತು. ದಾಟಿದರೆ ಇಪ್ಪತ್ತು, ಸಿಕ್ಕಿತು ಸಂಪತ್ತು."

"ಇದು ಐದನೇ ಕ್ಲಾಸಿಂದು. ಹೊಸ ಸ್ಟಾಕ್ ಇಲ್ವಾ?"

ಮಹಡಿಯ ಮೇಲೆ ವೀಲ್‌ಚೇರಿನಲ್ಲಿ ಕೂರಿಸಿ ಬಂದೆ. ಒಂದು ಚೇರು ಸ್ಕೂಲಿನಲ್ಲಿ, ಒಂದು ಮನೆಯಲ್ಲಿ. ನಡುವಿನ ವಾಹನ ನಾನು ಮತ್ತು ಸ್ಕೂಟರು. ಈಗ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಮೇಣ ಕರಗುವ ತನಕ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ — ಇವಳಿಗೆ, ನನ್ನ ಹೆಂಡತಿಗೆ, ಕಾಗದ ಬಂದಿದೆ. ಹೊರದೇಶದ ಆಸ್ಪತ್ರೆ, ವಾರ್ಡ್ ನರ್ಸ್ ಕೆಲಸ, ಮೂವರೂ ಹೋಗಬಹುದು. ಮೂವತ್ತೊಂದರೊಳಗೆ ಹೌದು ಅಥವಾ ಇಲ್ಲ ಹೇಳಬೇಕು. ಊರಿಗೆಲ್ಲ ಇವಳು ಸಿಸ್ಟರ್. ಹಾಗೆ ಕರೆಯುವಂತಿಲ್ಲದವನು ನಾನೊಬ್ಬನೇ.

"ದೇಶ ಹೇಗಿದೆ ಅಂತ ನೀವು ನೋಡಿ," ಅಂದಳು ಬೆಳಿಗ್ಗೆ, ಡ್ಯೂಟಿಗೆ ಹೊರಡುತ್ತ.

"ನಾನಾ?"

"ಮದುವೆಗೆ ಮುಂಚೆ ನಮ್ಮನೆ ಬಗ್ಗೆ ಎಷ್ಟು ವಿಚಾರಿಸಿದ್ರಿ. ನಲ್ಲೀಲಿ ದಿನಾ ನೀರು ಬರತ್ತಾ ಅನ್ನೋದನ್ನೂ ಬಿಟ್ಟಿರ್ಲಿಲ್ಲ. ಅಷ್ಟು ವಿಚಾರಿಸಿ, ಸಾಕು."

ಜುಲೈ 5, ಬುಧವಾರ, ಮಧ್ಯಾಹ್ನ 1.30

ಕ್ವಾಲಿಟಿ ಆಫ್ ಲೈಫ್. ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ಓದಿದೆ. ಜೀವನದ ಗುಣಮಟ್ಟ — ಸಿಮೆಂಟು ಮೂಟೆಯ ಮೇಲೆ ಬರೆದ ಹಾಗಿದೆ.

ಒಂದು ಪಟ್ಟಿಯಲ್ಲಿ ಆ ದೇಶ ಏಳನೆಯದು. ಇನ್ನೊಂದರಲ್ಲಿ ಮೂವತ್ತೊಂದು. ಒಬ್ಬ ಮೇಷ್ಟ್ರ ಕೈಯಲ್ಲಿ ರ‍್ಯಾಂಕು ಬಂದವನು ಇನ್ನೊಬ್ಬರ ಕೈಯಲ್ಲಿ ಬರೀ ಪಾಸು. ಹಾಗಾಗಿ ನಾನೇ ಒಂದು ಹಾಳೆಗೆ ಸ್ಕೇಲಿಟ್ಟು ಗೆರೆ ಎಳೆದೆ. ಹತ್ತು ವಿಷಯ, ಒಂದೊಂದಕ್ಕೆ ಹತ್ತು ಮಾರ್ಕ್ಸು. ಗಾಳಿ, ನೀರು, ಆಸ್ಪತ್ರೆ, ಸ್ಕೂಲು, ಬಸ್ಸು, ಓಡಾಟದ ಅನುಕೂಲ, ಜನರ ಒಡನಾಟ... ಎಂಟನೆಯದು 'ಯಜಮಾನರಿಗೆ ಕೆಲಸ'.

ಅದಕ್ಕೆ ಉತ್ತರ ಬೇಗ ಸಿಕ್ಕಿತು. ನನ್ನ ಡಿಪ್ಲೊಮಾ ಅಲ್ಲಿ ನಡೆಯುವುದಿಲ್ಲ. ಎರಡು ವರ್ಷ ಮತ್ತೆ ಓದು, ಅದೂ ಅವರ ಭಾಷೆಯಲ್ಲಿ. ಇಪ್ಪತ್ತು ವರ್ಷದಿಂದ ಜನರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿ ಕೊಟ್ಟವನಿಗೆ ಅಲ್ಲಿ ಬಾಯೇ ಇರುವುದಿಲ್ಲ. ಸೊನ್ನೆ ಹಾಕಿದೆ. ದುಂಡಗೆ ಬಂತು.

ನಮ್ಮಲ್ಲಿ ಹಲ್ಲನ್ನು ಮೊದಲು ಮೇಣದಲ್ಲಿ ಜೋಡಿಸಿ ಬಾಯಿಗಿಟ್ಟು ನೋಡುತ್ತೇವೆ. ನಗಿ ಅನ್ನುತ್ತೇವೆ, ಎಣಿಸಿ ಅನ್ನುತ್ತೇವೆ. ಸರಿಯಿಲ್ಲದಿದ್ದರೆ ಕರಗಿಸಿ ಮತ್ತೆ. ದೇಶವನ್ನು ಮೇಣದಲ್ಲಿ ಇಟ್ಟು ನೋಡುವುದು ಹೇಗೆ?

ಜುಲೈ 9, ಭಾನುವಾರ, ಬೆಳಿಗ್ಗೆ 11

ದೊಡ್ಡ ಸಿಸ್ಟರ್ ಜೊತೆ ವೀಡಿಯೊ ಕಾಲ್. ಇವಳ ವಾರ್ಡಿನಲ್ಲಿ ಸೀನಿಯರ್ ಆಗಿದ್ದವರು, ಅಲ್ಲಿಗೆ ಹೋಗಿ ನಾಲ್ಕು ವರ್ಷ.

"ಹೇಗಿದೆ ಅಕ್ಕ, ಜೀವನ?" ಅಂದೆ.

"ಚೆನ್ನಾಗಿದೆಯಪ್ಪ. ಬಟ್ಟೆ ಒಣಗಲ್ಲ ಅಷ್ಟೆ."

"ಜನ?"

"ಒಳ್ಳೆಯವ್ರು. ಪಕ್ಕದ್ಮನೆಯವ್ರು ನಾಲ್ಕು ವರ್ಷದಿಂದ ಗುಡ್ ಮಾರ್ನಿಂಗ್ ಅಂತಾರೆ."

"ಆಮೇಲೆ?"

"ಆಮೇಲೆ ಬಾಗಿಲು ಹಾಕ್ಕೋತಾರೆ."

ಜನರ ಒಡನಾಟ: 2. ಕೈ ಬಹಳ ಉತ್ಸಾಹದಿಂದ ಬರೆಯಿತು.

ಮೇಡಂ ಮಧ್ಯೆ ತಲೆ ಹಾಕಿದಳು. "ಆಂಟಿ, ಒಂದು ಹೆಲ್ಪು. ಮನೆಯಿಂದ ಅಲ್ಲಿನ ಸ್ಕೂಲ್ ತನಕ ಫೋನ್ ಹಿಡ್ಕೊಂಡು ನಡೀತೀರಾ? ಮುಖದ ಹತ್ರ ಅಲ್ಲ. ಸೊಂಟದ ಹತ್ರ. ನನ್ನ ಕಣ್ಣು ಅಲ್ಲಿರತ್ತೆ."

ದೊಡ್ಡ ಸಿಸ್ಟರ್ ಫೋನನ್ನು ಸೊಂಟದ ಹತ್ತಿರ ಇಳಿಸಿ ನೋಡಿದರು. ಮುಂದಿನ ಭಾನುವಾರ ಎಂದರು.

ಮೇಣದ ಪ್ರಶ್ನೆಗೆ ಉತ್ತರ ನನಗಿಂತ ಮೊದಲು ಅವಳಿಗೆ ಹೊಳೆಯಿತು.

ಜುಲೈ 11, ಮಂಗಳವಾರ, ಸಂಜೆ 6

"ಅಲ್ಲಿಗೆ ಮಾತ್ರ ಪರೀಕ್ಷೆನಾ ಅಪ್ಪ? ಇಲ್ಲಿಗಿಲ್ವಾ?" ಅಂದಳು ಮೇಡಂ. ನ್ಯಾಯ. ಪಕ್ಕದಲ್ಲಿ ಇನ್ನೊಂದು ಸಾಲು ಎಳೆದೆ.

ಜನರ ಒಡನಾಟ: 9. ಚೇರು ತಳ್ಳಲು ಕ್ಲಾಸಿನಲ್ಲಿ ಸರದಿಯ ಪಟ್ಟಿ ಇದೆ. ಮೂಲೆ ಅಂಗಡಿಯವನು ಕೌಂಟರಿನಿಂದ ಇಳಿದು ಬಂದು ಚಾಕೊಲೇಟು ಕೊಡುತ್ತಾನೆ. ಬೀದಿಯಲ್ಲಿ ಎಲ್ಲರೂ ನಿಂತು ಮಾತಾಡಿಸುತ್ತಾರೆ. ಸ್ಕೂಲು: 9. ಹೆಡ್‌ಮಾಸ್ಟ್ರಿಗೆ ಅವಳೆಂದರೆ ಪ್ರಾಣ. ಓಡಾಟದ ಅನುಕೂಲ: 3. ಸುಳ್ಳು ಹೇಳಲಾರೆ.

ಕೂಡಿದೆ. ಇಲ್ಲಿ 61, ಅಲ್ಲಿ 63.

ಹಾಳೆಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ — ಇಲ್ಲಿಯಾದರೂ ನಿಜ ಬರೆಯಬೇಕು — ಅಲ್ಲಿನ 'ಓಡಾಟದ ಅನುಕೂಲ' 9 ಇತ್ತು, ವೈಟ್ನರ್ ಹಚ್ಚಿ ಪಕ್ಕದಲ್ಲಿ 6 ಬರೆದೆ. ಮೂರೇ ಮಾರ್ಕ್ಸು. ಇಲ್ಲಿ ಗೆದ್ದಿತು.

ಮೆಟ್ಟಿಲೇ ಇಲ್ಲದ ದೇಶದಲ್ಲಿ ನನಗೇನು ಕೆಲಸ?

ಜುಲೈ 14, ಶುಕ್ರವಾರ, ಬೆಳಿಗ್ಗೆ 7.30

ಸಿಕ್ಕಿಬಿದ್ದೆ.

ನೈಟ್ ಡ್ಯೂಟಿ ಮುಗಿಸಿ ಬಂದವಳು ಟೀ ಹಿಡಿದುಕೊಂಡೇ ಹಾಳೆ ನೋಡಿದಳು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ರೀ, ಇದು ಯಾರ ಕೆಲಸ?"

"ಯಾವುದು?"

"ಬಿಳೀದು."

ಹಾಳೆಗೆ ಕೈ ಚಾಚಿದೆ. ಕೊಡಲಿಲ್ಲ.

"ನಮ್ಮ ವಾರ್ಡಲ್ಲಿ ಚಾರ್ಟಿಗೆ ವೈಟ್ನರ್ ಹಚ್ಚಿದ್ರೆ ಮೆಮೊ ಕೊಡ್ತಾರೆ. ತಪ್ಪಾದ್ರೆ ಒಂದೇ ಗೆರೆ ಎಳೀಬೇಕು. ಮೊದಲು ಬರೆದಿದ್ದು ಕಾಣ್ಬೇಕು. ಪಕ್ಕದಲ್ಲಿ ಸಹಿ, ಟೈಮು. ಕಾರಣ."

"ಇದು ಚಾರ್ಟಲ್ವಲ್ಲ."

"ಮಗೂದು ತಾನೆ? ಹಾಗಾದ್ರೆ ಚಾರ್ಟೇ."

ಕೋಪವಿರಲಿಲ್ಲ. ಅದೇ ಕಷ್ಟ. ಮೇಣ ಕೆತ್ತುವ ಚಾಕು ತಂದು ಬಿಳಿಯನ್ನು ಮೆಲ್ಲಗೆ ಕೆರೆದೆ. ಒಂಬತ್ತು ಎದ್ದು ಬಂತು, ಸ್ವಲ್ಪ ಗಾಯವಾಗಿತ್ತು. ಆರರ ಮೇಲೆ ಒಂದು ಗೆರೆ ಎಳೆದು ಸಹಿ ಹಾಕಿ 7.10 ಎಂದು ಬರೆದೆ.

"ಕಾರಣಕ್ಕೆ ಏನು ಬರೀಲಿ?"

"ಅಪ್ಪ ಅಂತ ಬರೀರಿ," ಅಂದು ಸ್ನಾನಕ್ಕೆ ಹೋದಳು.

ಬರೆದಿದ್ದೇನೆ.

ಜುಲೈ 16, ಭಾನುವಾರ, ಮಧ್ಯಾಹ್ನ 3

ದೊಡ್ಡ ಸಿಸ್ಟರ್ ನಡೆದರು. ಮೂವತ್ತೈದು ನಿಮಿಷ. ಮೂವರೂ ಮಂಚದ ಮೇಲೆ ಸಾಲಾಗಿ ಕೂತು ನೋಡಿದೆವು. ಜನರ ಮುಖವಿಲ್ಲ. ಬೆಲ್ಟು, ಕೈಚೀಲ, ಕೋಟಿನ ಗುಂಡಿ, ನಾಯಿಯ ಕಿವಿ. ಪ್ರತಿ ಫುಟ್‌ಪಾತಿನ ತುದಿಯೂ ರಸ್ತೆಗೆ ಇಳಿಜಾರಾಗಿ ಸೇರುತ್ತದೆ. ಸಿಗ್ನಲ್ಲಿನ ಗುಂಡಿ ಸರಿಯಾಗಿ ಸೊಂಟದ ಎತ್ತರದಲ್ಲಿದೆ. ಬಸ್ಸು ಬಂದು ಒಂದು ಮಗ್ಗುಲಿಗೆ ಬಾಗಿ ಹಲಗೆ ಚಾಚಿತು. ಎಮ್ಮೆ ಮಂಡಿಯೂರಿದ ಹಾಗೆ.

ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ವೀಲ್‌ಚೇರಿನಲ್ಲಿ ಕಾಯುತ್ತಿದ್ದಳು. ಮಡಿಲಲ್ಲಿ ತರಕಾರಿ ಚೀಲ. ಸುತ್ತ ಎಂಟು ಹತ್ತು ಜನ. ಯಾರೂ ಮಾತಾಡಿಸಲಿಲ್ಲ. ಹಸಿರು ಬಂತು, ಎಲ್ಲರ ಜೊತೆ ದಾಟಿ ಹೋದಳು.

ನನಗೆ ಬೇಕಾಗಿದ್ದು ಸಿಕ್ಕಿತು. "ನೋಡಿದ್ಯಾ ಮೇಡಂ? ಒಬ್ರಾದ್ರೂ ಏನು ಎತ್ತ ಅಂತ ಕೇಳಿದ್ರಾ?"

"ಅದನ್ನೇ ನೋಡ್ತಿದೀನಪ್ಪ," ಅಂದಳು. "ಒಬ್ರೂ ತಿರುಗಿ ನೋಡ್ಲಿಲ್ಲ. ಎಷ್ಟು ಚೆನ್ನಾಗಿತ್ತು."

ಇವಳು ನನ್ನ ಕಡೆ ನೋಡದೆ ಹೊದಿಕೆ ಮಡಚಿದಳು. ಅದಾಗಲೇ ಮಡಚಿಯೇ ಇತ್ತು.

ಜುಲೈ 21, ಶುಕ್ರವಾರ, ಬೆಳಿಗ್ಗೆ 8

ಮೇಡಂಗೆ ಜ್ವರ. ನಡುಕ. ಬೆನ್ನು ನೋವು ಅನ್ನುತ್ತಾಳೆ. ಇವಳು ರಜೆ ಹಾಕಿದಳು. ಮೂತ್ರದ ಬಣ್ಣ ನೋಡಿ ಮುಖ ಬಿಗಿಯಾಯಿತು.

ಜುಲೈ 22, ಶನಿವಾರ, ಸಂಜೆ 5

ಮೂತ್ರದ ಇನ್‌ಫೆಕ್ಷನ್. ಮಾತ್ರೆ ಶುರುವಾಗಿದೆ, ಜ್ವರ ಇಳಿಯುತ್ತಿದೆ. ಸದ್ಯ.

ಇವಳು ವಾರ್ಡಿನ ದನಿಯಲ್ಲಿ ಕೇಳಿದಳು, "ಸ್ಕೂಲಲ್ಲಿ ಎಷ್ಟು ನೀರು ಕುಡೀತೀಯ?"

"ಬಾಟ್ಲಿ ತುಂಬ."

"ನಾನು ಅಮ್ಮ ಅಲ್ಲ ಈಗ, ನರ್ಸು. ಹೇಳು."

ಮೇಡಂ ಗೋಡೆಗೆ ಮುಖ ಮಾಡಿದಳು. "ಕುಡಿಯಲ್ಲ."

ಟಾಯ್ಲೆಟ್ಟು ಕೆಳಗಿದೆ. ಇಳಿಸಲು ಆಯಾ ಬೇಕು, ಜೊತೆಗೆ ಇಬ್ಬರು ಹುಡುಗಿಯರು. ಕ್ಲಾಸಿನ ನಡುವೆ ಕೈಯೆತ್ತಿ ಎಲ್ಲರ ಮುಂದೆ ಕೇಳಬೇಕು. ಅದಕ್ಕೆ ಬೆಳಿಗ್ಗೆಯಿಂದ ಸಂಜೆಯ ತನಕ ಒಂದು ಗುಟುಕೂ ಇಲ್ಲ. ಬಿಡುವ ಹೊತ್ತಿಗೆ ಬಾಟಲಿಯನ್ನು ಕಿಟಕಿಯಾಚೆಯ ಹೂಕುಂಡಕ್ಕೆ ಸುರಿಯುತ್ತಾಳೆ.

"ಯಾವಾಗ್ನಿಂದ?" ಅಂದೆ.

"ಆರನೇ ಕ್ಲಾಸಿಂದ. ಗಿಡ ಚೆನ್ನಾಗಿದೆ ಅಪ್ಪ."

ದಿನಾ ಸಂಜೆ ಬ್ಯಾಗು ಎತ್ತಿ ನೋಡಿ 'ಬಾಟಲಿ ಖಾಲಿ, ಮೇಡಂ ಜಾಲಿ' ಎಂದು ಹಾಡುತ್ತ ಮೆಟ್ಟಿಲು ಇಳಿಯುತ್ತಿದ್ದೆ. ಎರಡು ವರ್ಷ. ಹೊತ್ತವನಿಗೆ ಹೊರೆಯೇನೆಂದು ಗೊತ್ತಿರಲಿಲ್ಲ.

ಹಾಳೆ ತೆಗೆದೆ. ಸ್ಕೂಲು: 9. ಅದರ ಮೇಲೆ ಒಂದು ಗೆರೆ. ಸಹಿ. ಟೈಮು. ಕಾರಣ...

ಜುಲೈ 25, ಮಂಗಳವಾರ, ಮಧ್ಯಾಹ್ನ 2

ಹೆಡ್‌ಮಾಸ್ಟ್ರನ್ನು ಕಂಡೆ. ಎಂಟನೇ ಕ್ಲಾಸನ್ನು ಕೆಳಗೆ ತನ್ನಿ ಎಂದು ಕೇಳಿದೆ. ಅವರ ಕಣ್ಣಲ್ಲಿ ನೀರೇ ಬಂತು, ನಾಟಕವಲ್ಲ.

"ನಮ್ಮ ಮಗು ಸಾರ್ ಅವಳು. ಆದ್ರೆ ಕೆಳಗೆ ಆಫೀಸು, ಲ್ಯಾಬು, ಸ್ಟಾಫ್ ರೂಮು. ಎಲ್ಲಿಗೆ ಎತ್ತಲಿ ಹೇಳಿ? ಇನ್ನೊಬ್ಬ ಆಯಾನ ಹಾಕ್ತೀನಿ. ಅವಳು ಕರೆದಾಗೆಲ್ಲ ಬರ್ತಾಳೆ."

"ಅವಳು ಕರೆಯಲ್ಲ ಸಾರ್."

"ಯಾಕೆ? ನಾವೆಲ್ಲ ಇದೀವಲ್ಲ."

ಇದ್ದಾರೆ. ಎಲ್ಲರೂ ಇದ್ದಾರೆ. ಯಾರ ಪ್ರೀತಿಯಲ್ಲೂ ಕೊರತೆಯಿಲ್ಲ. ಮೆಟ್ಟಿಲಲ್ಲೂ ಇಲ್ಲ.

ಲ್ಯಾಬಿಗೆ ಬಂದು ಹಲ್ಲಿನ ಡಾಕ್ಟ್ರಿಗೆ ವಿಷಯ ಹೇಳಿದೆ. ಇಪ್ಪತ್ತು ವರ್ಷದ ಯಜಮಾನರು. ಕೈಗವಸು ಬಿಚ್ಚುತ್ತ, "ಅಲ್ಲಿ ಹೋಗಿ ಏನು ಮಾಡ್ತೀಯೋ?" ಅಂದರು.

"ಓದ್ತೀನಿ ಸಾರ್. ನಲವತ್ತಾರರಲ್ಲಿ ಫಸ್ಟ್ ಇಯರ್ರು."

"ಬ್ಯಾಕ್ ಬೆಂಚಲ್ಲಿ ಕೂತ್ಕೊ. ಕನ್ನಡಕ ಮರೀಬೇಡ."

ಆಗ ನನಗೇ ಗೊತ್ತಾಯಿತು, ಬಾಯಿಯಿಂದ ಏನು ಹೊರಟಿತೆಂದು.

ಜುಲೈ 28, ಶುಕ್ರವಾರ, ಸಂಜೆ 6.15

ಹಾಳೆಯನ್ನು ಮೇಡಂ ಮುಂದೆ ಇಟ್ಟೆ. ಇಷ್ಟು ದಿನ ಅವಳ ಕೈಗೆ ಕೊಟ್ಟೇ ಇರಲಿಲ್ಲ. ಯಾರ ಚಾರ್ಟೋ ಅವರನ್ನೇ ಕೇಳಿರಲಿಲ್ಲ.

"ಇದೆಲ್ಲ ಉದ್ದ ಆಯ್ತು," ಅಂದಳು. "ನಂದು ಒಂದೇ ಲೈನು."

ಕೆಳಗೆ ಬರೆದಳು: 'ದಿನಕ್ಕೆ ಎಷ್ಟು ಸಲ ಬೇರೆಯವರನ್ನ ಕೇಳಬೇಕು.' ಇಲ್ಲಿ: 31. ಒಂದು ಗುರುವಾರ ಎಣಿಸಿದ್ದಳಂತೆ. ಬಾಗಿಲು ತೆಗಿ, ಪುಸ್ತಕ ಕೊಡು, ಸ್ವಲ್ಪ ಜರುಗು, ತಳ್ಳು, ನಿಲ್ಲಿಸು, ಎತ್ತು. ಮತ್ತೆ ಮೂವತ್ತೊಂದು ಥ್ಯಾಂಕ್ಸು.

"ಅದ್ರಲ್ಲಿ ನಾನೆಷ್ಟು?"

"ನಿನ್ನ ಎಣಿಸಿಲ್ಲ."

"ಯಾಕೆ?"

"ನಿನ್ನ ಕೇಳೋದೇ ಬೇಡವಲ್ಲ. ಕೇಳೋಕೆ ಮುಂಚೆನೇ ಎತ್ತಿರ್ತೀಯ."

ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಎರಡೂ ಇರಬೇಕು.

ಅಲ್ಲಿ ಎಂಬ ಜಾಗವನ್ನು ಖಾಲಿ ಬಿಟ್ಟಳು. "ಗೊತ್ತಿಲ್ದೆ ಮಾರ್ಕ್ಸು ಹಾಕಲ್ಲ ನಾನು. ಆದ್ರೆ ಅಪ್ಪ... ನಿಂದು ಸೊನ್ನೆ ಇದೆಯಲ್ಲ, ಎಂಟನೇದು. ನನಗೋಸ್ಕರ ಹೋಗಿ ನೀನು ಅಲ್ಲಿ ಮನೇಲಿ ಕೂತ್ರೆ ನಾನು ಬರಲ್ಲ."

"ಸೊನ್ನೆ ಪಕ್ಕ ಒಂದು ಹಾಕೋಕೆ ಎರಡು ವರ್ಷ ಬೇಕಂತೆ."

"ಫೇಲಾದ್ರೆ?"

"ನೀನು ಹೇಳ್ಕೊಡು."

ಯೋಚಿಸಿದಳು. "ಫೀಸ್ ತಗೋತೀನಿ. ಮತ್ತೆ ಪ್ರಾಸ ಬಂದ್."

ಇವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬಂದು ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು. ಯಾರೂ ಮಾರ್ಕ್ಸು ಕೂಡಲಿಲ್ಲ.

ಜುಲೈ 30, ಭಾನುವಾರ, ಬೆಳಿಗ್ಗೆ 10.40

ಹೌದು ಎಂದು ಬರೆದು ಕಳಿಸಿದೆವು. ನಿನ್ನೆ ಸಂಜೆ, ಮೂವರೂ ಒಂದೇ ಬೆರಳಿನಿಂದ ಒತ್ತಿದ ಹಾಗೆ.

ಅಲ್ಲಿ ಹೇಗಿರುತ್ತದೋ. ಬಟ್ಟೆ ಒಣಗಲಿಕ್ಕಿಲ್ಲ. ನನಗೆ ಮಾತಾಡಲು ಜನ ಸಿಗಲಿಕ್ಕಿಲ್ಲ. ಆಗ ಇನ್ನೂ ಉದ್ದ ಬರೆಯುತ್ತೇನೆ.

ಹತ್ತು ನಿಮಿಷದ ಹಿಂದೆ ಮೇಡಂ, "ಪೆನ್ನು ಖಾಲಿ. ಅಂಗಡಿಗೆ ಹೋಗ್ಬರ್ತೀನಿ," ಅಂದಳು.

ಚಪ್ಪಲಿ ಹುಡುಕಿದೆ.

"ನಾನು ಅಂದೆ ಅಪ್ಪ. ನಾವು ಅನ್ಲಿಲ್ಲ. ಕಿಟಕಿ ಹತ್ರಾನೂ ನಿಲ್ಬೇಡ."

ಹಾಗಾಗಿ ಕಿಟಕಿಗೆ ಬೆನ್ನು ಮಾಡಿ ಕೂತು ಬರೆಯುತ್ತಿದ್ದೇನೆ. ಇವಳ ಕೈ ನನ್ನ ಹೆಗಲ ಮೇಲಿದೆ. ಮೊದಲು ಪ್ರೀತಿಯೆಂದುಕೊಂಡೆ, ಒತ್ತಿ ಹಿಡಿದಿದ್ದಾಳೆ. "ಕೂತ್ಕೊಳ್ರಿ."

ಹೊಸಿಲಿನ ಹಲಗೆ ದಾಟಿದ ಸದ್ದು. ಗೇಟು. ಈಗ ರಸ್ತೆ. ಮೂರನೇ ಮನೆಯ ಮುಂದೆ ಮೋರಿಯ ಕಲ್ಲು ಎದ್ದಿದೆ, ಅಲ್ಲಿ ಗಾಲಿ ಸಿಕ್ಕುತ್ತದೆ. ದಿನಾ ನಾನು ಹಿಂದಿನಿಂದ ಎತ್ತಿ...

ಸದ್ದು ನಿಂತಿತು.

ಯಾರೋ ಗಂಡಸಿನ ದನಿ — "ತಳ್ಳಲೇನಮ್ಮ?"

"ಬೇಡ ಅಂಕಲ್. ನೋಡ್ತೀನಿ."

ಹೆಗಲ ಮೇಲಿನ ಕೈ ಬಿಗಿಯಾಯಿತು. ಮೇಡಂ ಒಂದು ಸಲ ಗಾಲಿ ಹಿಂದಕ್ಕೆ ತೆಗೆದ ಸದ್ದು. ಮುಂದೆ. ಆಗಲಿಲ್ಲ. ಮತ್ತೆ ಹಿಂದೆ. ನಾನು ಎದ್ದಿಲ್ಲ. ಬರೆಯುತ್ತಿದ್ದೇನೆ, ಎದ್ದಿಲ್ಲ. ಈಗ ಸ್ವಲ್ಪ ಓರೆಯಾಗಿ ತಿರುಗಿಸಿದ ಹಾಗೆ ಕೇಳಿತು, ಗಾಲಿ ಕಲ್ಲಿನ ಮೇಲೆ ಹತ್ತಿ ಆಚೆ ಇಳಿಯಿತು. ಸದ್ದು ಅಂಗಡಿಯ ಕಡೆ ಹೊರಟಿತು.