ಡಾಬಕಾ ಗೇಟಿನ ಹೊರಗೆ ಮುನ್ನೂರ ನಲವತ್ತು ಕುರಿ

ಬೀದರ–ಭಾಲ್ಕಿ–ಔರಾದ ಹಸಿರು ನಡಿಗೆ ಪಥದ ನಕಾಶೆಗೆ ಸಹಿ ಹಾಕಿದ ಮಾನ್ಯರೇ,

ಡಾಬಕಾ ಹತ್ತಿರ ನೀವು ನಿಲ್ಲಿಸಿದ ಗೇಟಿನಿಂದಾಗಿ ನನ್ನ ಅಕ್ಕ ಗಂಗುಬಾಯಿಯ ಹಿಂಡು ಐದು ದಿನದಿಂದ ರಾಜ್ಯದ ಗಡಿಯಾಚೆ ಒಬ್ಬರ ಹೊಲದಲ್ಲಿ ಸಿಕ್ಕಿಬಿದ್ದಿದೆ. ಜೂನಿನ ಮಿರಗದ ಮಳೆ ಬೀಳುವುದರೊಳಗೆ ಅದು ನಮ್ಮೂರು ಎಕಂಬಾ ಸೇರಬೇಕು. ಹೊಲದವರು ಬಿತ್ತನೆಗೆ ಜಾಗ ಬಿಡಿ ಎನ್ನುತ್ತಿದ್ದಾರೆ. ಹಿಂದೆ ಕೂರಿಗೆ, ಮುಂದೆ ಕೀಲಿ. ಡಾಂಬರು ರಸ್ತೆಯಲ್ಲಿ ಬನ್ನಿ ಎನ್ನುತ್ತೀರಾ? ಹಾಲು ಕುಡಿಯುವ ಮರಿಗಳನ್ನು ಲಾರಿಗಳ ನಡುವೆ ನಡೆಸಿ ತೋರಿಸುವ ಅಧಿಕಾರಿ ನಿಮ್ಮಲ್ಲಿದ್ದರೆ ಕಳಿಸಿಕೊಡಿ.

ನಡಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ನಡೆಯಿರಿ ಎಂದು ನನ್ನ ಡಾಕ್ಟರೂ ಹೇಳಿದ್ದಾರೆ. ಆದರೆ ಹೊಟ್ಟೆ ಕರಗಿಸಲು ನಡೆಯುವವರಿಗೆ ದಾರಿ, ಹೊಟ್ಟೆಗಾಗಿ ನಡೆಯುವವರಿಗೆ ಬೇಲಿ, ಇದು ಯಾವ ಸೀಮೆಯ ಪ್ರಾದೇಶಿಕ ಯೋಜನೆ? ನಿಮ್ಮ ವರದಿಯ ಹನ್ನೊಂದನೆಯ ಪುಟದಲ್ಲಿ ಈ ಹಾದಿ ‘ಬಳಕೆಯಲ್ಲಿಲ್ಲದ ಕಾಲುದಾರಿ’ ಎಂದಿದೆ. ಸರ್ವೆಯವರು ಬಂದದ್ದು ಜನವರಿಯಲ್ಲಿ. ಆಗ ನಮ್ಮ ಹಿಂಡುಗಳೆಲ್ಲ ಗಡಿಯಾಚೆಯ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆ ಕೂತಿರುತ್ತವೆ; ರೈತರು ಬದಲಿಗೆ ಜೋಳ ಕೊಡುತ್ತಾರೆ. ಬೇಸಿಗೆ ರಜೆಯಲ್ಲಿ ಸಾಲೆಗೆ ಬಂದು, ಇಲ್ಲಿ ಮಕ್ಕಳೇ ಇಲ್ಲ ಎಂದು ಬರೆದುಕೊಂಡು ಹೋದ ಹಾಗಾಯಿತಲ್ಲವೇ?

ಈಗ ನನ್ನ ಪಾಲಿನ ತಪ್ಪು. ಆ ಗೇಟು ಮಾಡಿದವನು ನಾನೇ. ಎಕಂಬಾದಲ್ಲಿ ಕುರಿ ಕಾಯ್ದು, ಬೀದರಕ್ಕೆ ಬಂದು ಬೆಂಕಿಯ ಕಿಡಿ ತಿಂದು, ಮೈಲೂರಿನಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ಹಾಕಿದವನು. ಬೈಕ್ ನುಗ್ಗಬಾರದು ಎಂದು ನಿಮ್ಮ ಎಂಜಿನಿಯರ್ ಹಾವಿನಂತೆ ಡೊಂಕು ಗೇಟಿನ ಚಿತ್ರ ಕೊಟ್ಟರು. ನಾನು ಜಾಣತನ ತೋರಿಸಲು ಅದನ್ನು ಇನ್ನೂ ಎರಡು ಇಂಚು ಬಿಗಿ ಮಾಡಿದೆ. ಅಲ್ಲಿ ಯಾರು ಓಡಾಡುತ್ತಾರೆ ಎಂದು ಅವರೂ ಕೇಳಲಿಲ್ಲ, ಗೊತ್ತಿದ್ದ ನಾನೂ ಹೇಳಲಿಲ್ಲ.

ಮಂಗಳವಾರ ಅಕ್ಕ ಫೋನು ಮಾಡಿದಳು. ಹೋದೆ. ಎಡಕ್ಕೆ ತಂತಿಬೇಲಿ, ಬಲಕ್ಕೆ ಆಳದ ಚರಂಡಿ, ನಡುವೆ ನನ್ನ ಗೇಟು. ಕುರಿಗಳು ಒಂದೊಂದಾಗಿ ತೂರುತ್ತಿದ್ದವು. ನಿಂತು ಎಣಿಸಿದೆ: ಅರ್ಧ ಗಂಟೆಗೆ ನಲವತ್ತೆರಡು. ಗೇಟು ತೆರೆದಿರುವುದು ಬೆಳಿಗ್ಗೆ ಆರರಿಂದ ಒಂಬತ್ತು, ಆಮೇಲೆ ಮತ್ತೆ ಸಂಜೆಗೇ. ಅಂದರೆ ಇನ್ನೂರ ಐವತ್ತೆರಡು ದಾಟುತ್ತವೆ, ಎಂಬತ್ತೆಂಟು ಸಂಜೆಯವರೆಗೆ ಆಚೆ ಉಳಿಯುತ್ತವೆ. ಅವುಗಳಲ್ಲಿ ಎಷ್ಟು ತಾಯಿ, ಎಷ್ಟು ಮರಿ ಎಂಬ ಲೆಕ್ಕ ನಿಮ್ಮ ಯಾವ ಪುಟದಲ್ಲಿದೆ?

ಕಾವಲುಗಾರ ಬಾಬುಮಿಯಾ ಗಡಿಯಾರ ನೋಡುತ್ತ ಹೇಳಿದ, “ಜಲ್ದಿ ಹೊಡೀರಿ ಅಕ್ಕಾ, ಒಂಬತ್ತಕ್ಕ ಕೀಲಿ ಹಾಕ್ಬೇಕ್ರಿ. ಹುಕುಂ ಅದ.”

“ತಾಯಿ ಅತ್ತಾಗ, ಮರಿ ಇತ್ತಾಗ. ಹುಕುಂ ಕೊಟ್ಟಾವ ಬಂದು ಹಾಲು ಕುಡಸ್ತಾನೇನು ಭಾಯಿ?” ಎಂದವಳೇ ನನ್ನತ್ತ ತಿರುಗಿದಳು. “ಏನ್ ಎಣಸ್ಕೋತ ನಿಂತೀ ತಮ್ಮಾ? ಈ ಬಾಗಲಾ ಯಾ ಮೂಳ ಮಾಡ್ಯಾನ?”

ಬಾಬುಮಿಯಾ ಮೀಸೆಯೊಳಗೆ ನಕ್ಕ. “ದೂರ ಯಾಕ ಹುಡಕ್ತೀರಿ ಅಕ್ಕಾ? ಬಾಜೂಕೇ ನಿಂತಾರ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ದಾಟಿದ್ದ ನಲವತ್ತೆರಡನ್ನೂ ವಾಪಸು ಕರೆದುಕೊಂಡು, ಬಂದ ದಾರಿಗೇ ತಿರುಗಿದಳು.

ನನ್ನ ಬೇಡಿಕೆ ಇಷ್ಟೇ. ಆ ಡೊಂಕು ಗೇಟು ಹೋಗಲಿ, ಅಲ್ಲಿ ಹನ್ನೆರಡು ಅಡಿ ಬಾಯಿ ಬಿಡಿ, ಕೀಲಿ ಬೇಡ. ‘ಬಳಕೆಯಲ್ಲಿಲ್ಲದ’ ಎಂಬ ಮಾತನ್ನು ವರದಿಯಿಂದ ಹೊಡೆದುಹಾಕಿ. ಅನುಮತಿ ಕೊಟ್ಟರೆ ಸೋಮವಾರ ಬೆಳಿಗ್ಗೆ ಆರಕ್ಕೆ ಕಟರ್ ತಂದು ನಾನೇ ಪುಕ್ಕಟೆ ಕತ್ತರಿಸುತ್ತೇನೆ. ಕೊಡದಿದ್ದರೂ ಸೋಮವಾರ ಬೆಳಿಗ್ಗೆ ಆರಕ್ಕೇ ಕತ್ತರಿಸುತ್ತೇನೆ. ಪೊಲೀಸರನ್ನು ಕಳಿಸುವುದಾದರೆ ಸ್ವಲ್ಪ ಬದಿಗೆ ನಿಲ್ಲಲು ಹೇಳಿ. ಹಿಂಡು ಒಮ್ಮೆಲೇ ಬರುತ್ತದೆ.

ಇಂತಿ,
ಅಕ್ಕನಿಗೆ ಇನ್ನೂ ಮುಖ ತೋರಿಸಲಾಗದ
ದತ್ತಾತ್ರಿ
ಮೈಲೂರ, ಬೀದರ